ಬ್ಯಾಲಿಗ್ಲಾಸಿನ ಬಾಯಿ

ಬ್ಯಾಲಿಗ್ಲಾಸಿನ ಜನ ಮಾರೀನಳನ್ನು ಹೊಗಳುವುದರಲ್ಲಿ ಎಂದೂ ಜಿಪುಣತನ ತೋರಿದವರಲ್ಲ. ಬುಧವಾರ ಸಂಜೆ ಲಾಂಡ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಐರಿಷ್ ಭಾಷೆಯ ಕೂಟ ಸೇರಿದಾಗ ಅವಳು ಬಾಯಿ ತೆರೆದರೆ ಸಾಕು, ಎಲ್ಲರೂ ಟೀ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪ್ರಾರ್ಥನೆಗೆ ಬಂದವರಂತೆ ಕೂತುಬಿಡುತ್ತಿದ್ದರು. ಅವಳು ಮಾತು ಮುಗಿಸಿದ ಮೇಲೆ ಯಾರಾದರೊಬ್ಬರು ನಿಟ್ಟುಸಿರು ಬಿಟ್ಟು, "ಆಹಾ, ಕೇಳ್ತಾನೇ ಇರ್ಬೇಕು ಅನ್ಸುತ್ತೆ" ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಆಮೇಲೆ ಇಂಗ್ಲಿಷಿನಲ್ಲೇ ಬಸ್ಸಿನ ವಿಷಯ, ಮಳೆಯ ವಿಷಯ, ಮೊಣಕಾಲು ನೋವಿನ ವಿಷಯ. ಕೂಟ ಮುಗಿದು ಜನ ಇಳಿದು ಹೋದ ಮೇಲೆ ಮಾರೀನ್ ಬಟ್ಟಲು ತೊಳೆಯುತ್ತ ಯೋಚಿಸುತ್ತಿದ್ದಳು: ಇವತ್ತೂ ಐರಿಷ್ ಆಡಿದ್ದು ನಾನೊಬ್ಬಳೇ.

ಅವಳು ಹುಟ್ಟಿದ್ದು ಪಶ್ಚಿಮದ ಕಡಲಂಚಿನ ಕೊನೆಮಾರದಲ್ಲಿ. ಅಲ್ಲಿ ಐರಿಷ್ ಎಂದರೆ ದನ ಕರೆಯುವ, ಮಕ್ಕಳನ್ನು ಗದರಿಸುವ ಮನೆಮಾತು. ಗಾಲ್ವೇಯಲ್ಲಿ ರಸಾಯನಶಾಸ್ತ್ರ ಓದಿ, ಕೆಲವು ವರ್ಷ ಅದನ್ನೇ ಪಾಠ ಮಾಡಿ, ಆಮೇಲೆ ಈ ಭಾಷಾಧಿಕಾರಿಯ ಕೆಲಸಕ್ಕೆ ಬಂದಿದ್ದಳು. ಸರ್ಕಾರ ಹಿಂದಿನಿಂದಲೂ ಕಡಲಂಚಿನ ಊರುಗಳ ಭಾಷೆಯನ್ನು ನೋಡಿಕೊಳ್ಳುತ್ತಿತ್ತು. ಈಗ ನಗರದ ಬಡಾವಣೆಗಳಲ್ಲೂ ಜನ ದಿನನಿತ್ಯ ಐರಿಷ್ ಆಡುತ್ತಾರೆಂದು ಕಂಡುಬಂದರೆ ಅಲ್ಲಿಗೂ ಒಬ್ಬ ಅಧಿಕಾರಿ, ಒಂದು ಕೋಣೆ, ಮಕ್ಕಳ ನಾಟಕಕ್ಕೆ, ತಾಯಂದಿರ ಕೂಟಕ್ಕೆ ಹಣ ಕೊಡುವ ಯೋಜನೆ ಬಂದಿತ್ತು. ಡಬ್ಲಿನ್ನಿನ ಪಶ್ಚಿಮದ ತುದಿಯಲ್ಲಿ, ಒಂದೇ ಅಚ್ಚಿನಲ್ಲಿ ಎರೆದಂಥ ಮನೆಗಳ ಈ ಬ್ಯಾಲಿಗ್ಲಾಸನ್ನು ಮೊದಲು ಪರೀಕ್ಷಾರ್ಥವಾಗಿ ಆರಿಸಿಕೊಂಡಿದ್ದರು. ಆ ಅವಧಿ ಈಗ ಮುಗಿಯುತ್ತ ಬಂದಿತ್ತು. ಗುರುವಾರ ಇಲಾಖೆಯಿಂದ ಒಬ್ಬರು ಬಂದು ಬೀದಿಯಲ್ಲಿ ಓಡಾಡಿ, ಕಿವಿಗೊಟ್ಟು ಕೇಳಿ ಹೋಗುವವರಿದ್ದರು. ಭಾಷೆ ಅವರ ಕಿವಿಗೆ ಬಿದ್ದರೆ ಮಾನ್ಯತೆ. ಬೀಳದಿದ್ದರೆ ಕೋಣೆಗೆ ಬೀಗ, ನಾಟಕದ ಮಕ್ಕಳು ಮನೆಗೆ, ಮಾರೀನಳೂ ಮನೆಗೆ.

ಕೆಲಸ ಹೋದರೆ ಇನ್ನೊಂದು ಸಿಗುತ್ತಿತ್ತು. ಅವಳನ್ನು ಕೊರೆಯುತ್ತಿದ್ದದ್ದು ಬೇರೆ. ತನ್ನೂರಿನಲ್ಲಿ ಭಾಷೆ ವರ್ಷವರ್ಷಕ್ಕೂ ಸೊರಗುವುದನ್ನು ಅವಳು ನೋಡಿದ್ದಳು. ಯಾರೂ ನಿರೀಕ್ಷಿಸದ ಒಂದು ಬೀದಿಯಲ್ಲಿ ಅದು ಎದ್ದು ಓಡಾಡುವುದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದೇ ಇಲ್ಲಿಗೆ ಬಂದದ್ದು. ಬಂದ ಹೊಸದರಲ್ಲಿ ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿದ್ದಳು. "ನಿಮಗೆ ಐರಿಷ್ ಬರುತ್ತದೆಯೇ?" ಎಂದು ಕೇಳಿದರೆ ಎಲ್ಲ ಬಾಗಿಲಲ್ಲೂ ಒಂದೇ ಉತ್ತರ. "ನಂಗಾ? ಅಯ್ಯೋ, ಒಂದೆರಡು ಮಾತು ಅಷ್ಟೇ." ಅಷ್ಟು ಹೇಳಿ ಬಾಗಿಲನ್ನು ನಯವಾಗಿ ಮುಚ್ಚುತ್ತಿದ್ದರು.

ಸೋಮವಾರ ಅವಳು ಮಾಂಸದಂಗಡಿಯ ಡರ್ಮಟನ ಮುಂದೆ ನಿಂತಿದ್ದಳು. ಐವತ್ತು ದಾಟಿದ, ಕೆಂಪು ಮುಖದ, ಇಡೀ ಬೀದಿಗೆ ನಗೆಚಟಾಕಿ ಹಂಚುವ ಮನುಷ್ಯ. ಬರುವ ಅತಿಥಿಗೆ ಐರಿಷಿನಲ್ಲಿ ಏನು ಹೇಳಬೇಕೆಂದು ಅವನಿಗೆ ನಾಲ್ಕು ವಾಕ್ಯ ಹೇಳಿಕೊಟ್ಟಿದ್ದಳು.

"ಹೇಳಿ ಡರ್ಮಟ್, ಇನ್ನೊಂದ್ಸಲ."

ಡರ್ಮಟ್ ಕತ್ತಿಯನ್ನು ಕೆಳಗಿಟ್ಟು, ಮುಂದುಡುಪಿಗೆ ಕೈ ಒರೆಸಿಕೊಂಡು, ಗೋಡೆಗಡಿಯಾರವನ್ನು ದಿಟ್ಟಿಸುತ್ತ, "ತಮಗೆ. ಸ್ವಾಗತ. ಇವತ್ತಿನ. ಕುರಿಮಾಂಸ. ಚೆನ್ನಾಗಿದೆ" ಎಂದ. ಹಣೆಯಲ್ಲಿ ಬೆವರಿತ್ತು.

"ಕುರಿ ಬದುಕಿದ್ದಾಗ ಇದಕ್ಕಿಂತ ಚೆನ್ನಾಗಿ ಹೇಳ್ತಿತ್ತು" ಎಂದು ಸಾಲಿನಲ್ಲಿ ನಿಂತಿದ್ದ ಯಾರೋ ಇಂಗ್ಲಿಷಿನಲ್ಲಿ ಹೇಳಿದರು. ಅಂಗಡಿಯೆಲ್ಲ ನಕ್ಕಿತು. ಮಾರೀನಳೂ ನಕ್ಕಳು. ಆದರೆ ಆ ಸಂಜೆ ನಗರದ ನಡುವೆ ಇರುವ ತನ್ನೂರಿನ ಗೆಳೆಯ ಕೀವಾನನಿಗೆ ಫೋನ್ ಮಾಡಿದಳು.

"ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ? ಗುರುವಾರ ನಾವೊಂದು ಎಂಟ್ಹತ್ತು ಜನ ಬರ್ತೀವಿ. ಬ್ರೆಡ್ ಕೊಳ್ಳೋದು, ತಲೆ ಕತ್ತರಿಸ್ಕೊಳ್ಳೋದು, ಎಲ್ಲಾ ಐರಿಷಿನಲ್ಲೇ. ಆ ಪುಣ್ಯಾತ್ಮಂಗೆ ಹೇಗೆ ಗೊತ್ತಾಗ್ಬೇಕು, ನಾವು ಎಲ್ಲಿಯವರು ಅಂತ?" ಎಂದ ಕೀವಾನ್.

"ಅದು ಮೋಸ ಅಲ್ವೇನೋ?"

"ನಾಟಕ ಕಣೇ. ನಾಟಕಕ್ಕೂ ಸರ್ಕಾರ ದುಡ್ಡು ಕೊಡುತ್ತಲ್ಲ!"

ಮಾರೀನ್ ಬೇಡವೆನ್ನಲಿಲ್ಲ. ಸರಿಯೆಂದೂ ಅನ್ನಲಿಲ್ಲ. ನಾಳೆ ಹೇಳುತ್ತೇನೆಂದು ಫೋನ್ ಇಟ್ಟಳು. ಬೇಡವೆನ್ನದಿದ್ದದ್ದು ರಾತ್ರಿಯೆಲ್ಲ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಕಾಡಿತು.

ಮರುದಿನ ಬೇಕರಿಗೆ ಹೋದಳು. ಅದರ ಒಡತಿ ಡೊರೋಟಾ ಪೋಲೆಂಡಿನವಳು. ಅವಳ ಮಕ್ಕಳು ಎಲ್ಲ ಪಾಠವನ್ನೂ ಐರಿಷಿನಲ್ಲೇ ಕಲಿಸುವ ಬಡಾವಣೆಯ ಶಾಲೆಗೆ ಹೋಗುತ್ತಿದ್ದರು. ಇಲ್ಲಿಗೆ ಬಂದಾಗ ಇಂಗ್ಲಿಷೂ ಹೊಸದು, ಐರಿಷೂ ಹೊಸದು, ಯಾವುದಕ್ಕೆ ನಾಚಬೇಕೆಂದು ಗೊತ್ತಾಗದೆ ಎರಡನ್ನೂ ನಾಚದೆ ಕಲಿತವಳು. ಇಡೀ ಬೀದಿಯಲ್ಲಿ ಮಾರೀನಳ ಜೊತೆ ಐರಿಷ್ ಆಡುತ್ತಿದ್ದದ್ದು ಅವಳೊಬ್ಬಳೇ.

"ನೀನೊಬ್ಬಳು ಮಾತಾಡಿದ್ರೆ ಸಾಕಾಗೋಲ್ಲ ಡೊರೋಟಾ. ಇಲ್ಲಿ ಹುಟ್ಟಿದವರು ಯಾರೂ ಆಡೋಲ್ವಲ್ಲ" ಎಂದಳು ಮಾರೀನ್.

ಡೊರೋಟಾ ರೈ ಬ್ರೆಡ್ಡನ್ನು ಕಾಗದದಲ್ಲಿ ಸುತ್ತುತ್ತಿದ್ದವಳು ಕೈ ನಿಲ್ಲಿಸಿದಳು. "ಯಾರು ಹೇಳಿದ್ದು ಆಡೋಲ್ಲ ಅಂತ? ಸಲೂನಿನ ಕನ್ಸೆಪ್ಟಾ ಆಡ್ತಾಳೆ. ಡರ್ಮಟ್ ಆಡ್ತಾನೆ. ಅಂಚೆಯವನು, ಆ ಬಸ್ ಡ್ರೈವರು. ದಿನಾ ಆಡ್ತಾರೆ."

"ನಾನು ಒಂದ್ಸಲಾನೂ ಕೇಳಿಲ್ಲ."

"ನೀನು ಹೇಗೆ ಕೇಳ್ತೀಯ? ನೀನು ಒಳಗೆ ಬಂದ ಕೂಡ್ಲೇ ಅಂಗಡಿ ಪರೀಕ್ಷಾ ಹಾಲ್ ಆಗ್ಬಿಡುತ್ತೆ. ನಂಬಿಕೆ ಇಲ್ವಾ? ಮಧ್ಯಾಹ್ನ ಊಟದ ಹೊತ್ತಿಗೆ ಸಲೂನಿನ ಹಿಂದಿನ ಓಣಿಗೆ ಹೋಗು. ಬಣ್ಣದ ವಾಸನೆಗೆ ಕಿಟಕಿ ತೆಗೆದಿಟ್ಟಿರ್ತಾಳೆ."

ಕದ್ದು ಕೇಳುವುದು ಮಾರೀನಳ ಸ್ವಭಾವಕ್ಕೆ ಒಗ್ಗುವಂಥದ್ದಲ್ಲ. ಆದರೆ ನಂಬಲಾಗದ ಸಂಗತಿಯನ್ನು ಪರೀಕ್ಷಿಸದೆ ಬಿಡುವುದೂ ಒಗ್ಗುತ್ತಿರಲಿಲ್ಲ. ಮಧ್ಯಾಹ್ನ ಅವಳು ಕಸದ ಡಬ್ಬಿಗಳ ನಡುವೆ, ಕನ್ಸೆಪ್ಟಾಳ ಸಲೂನಿನ ಹಿಂಗಿಟಕಿಯ ಕೆಳಗೆ ನಿಂತಿದ್ದಳು. ಒಳಗೆ ಡರ್ಮಟ್ ಟೀ ಕುಡಿಯಲು ಬಂದಿದ್ದ. ಇಬ್ಬರೂ ಐರಿಷಿನಲ್ಲಿ ಮಾತಾಡುತ್ತಿದ್ದರು.

"ಈಯಮ್ಮನ ತಲೆಗೆ ಇನ್ನೊಂದ್ಸಲ ಬಣ್ಣ ಹಚ್ಚಿದ್ರೆ ಕೂದಲೇ ರಾಜೀನಾಮೆ ಕೊಟ್ಟು ಹೋಗುತ್ತೆ" ಎಂದಳು ಕನ್ಸೆಪ್ಟಾ. ಡ್ರೈಯರ್ ಕೆಳಗೆ ಕೂತ ಗಿರಾಕಿಯ ವಿಷಯವಿರಬೇಕು.

"ಮೆಲ್ಲಗೆ ಕಣೇ."

"ಯಾಕೆ ಮೆಲ್ಲಗೆ? ಈಯಮ್ಮಂಗೆ ಒಂದಕ್ಷರ ಅರ್ಥ ಆಗೋಲ್ಲ. ಅದಕ್ಕಲ್ವಾ ನಾವು ಕಲಿತಿದ್ದು! ಅರ್ಥ ಆಗೋಳು ಒಬ್ಬಳೇ, ಆ ಕಡಲ ಹುಡುಗಿ. ಅವಳು ಈ ಬೀದಿಗೆ ಬಂದಾಗಿಂದ ನನ್ನ ವ್ಯಾಪಾರದ ಅರ್ಧ ಖುಷಿ ಹೋಯ್ತು."

"ಪಾಪ, ಒಳ್ಳೇ ಹುಡುಗಿ. ಆದ್ರೆ ಅವಳ ಮುಂದೆ ಬಾಯಿ ಬಿಟ್ರೆ ನನ್ನ ನಾಲಿಗೆ ಕೆಸರಲ್ಲಿ ಕಾಲಿಟ್ಟ ಹಸು ಥರ ಆಗ್ಬಿಡುತ್ತೆ, ಕನ್ಸೆಪ್ಟಾ. ನಾಲ್ಕು ಮಾತು ಹೇಳಿಕೊಟ್ಲು ನೋಡು ನಿನ್ನೆ. ಮರ್ಯಾದೆ ಹೋಯ್ತು."

"ಅವಳದ್ದು ಕಡಲಿಂದ ಬಂದ ಭಾಷೆ ಕಣೋ. ನಮ್ಮದು ತಗಡಿನ ಶೆಡ್ಡಿಂದ ಬಂದಿದ್ದು."

ಆ ಶೆಡ್ಡಿನ ಕಥೆ ಮಾರೀನಳಿಗೆ ಗೊತ್ತಿತ್ತು. ಮಕ್ಕಳಿಗೆ ಐರಿಷ್ ಶಾಲೆ ಬೇಕೆಂದು ಬಡಾವಣೆಯ ತಂದೆತಾಯಿಯರೇ ತಗಡಿನ ಕೋಣೆಗಳಲ್ಲಿ ಅದನ್ನು ಶುರು ಮಾಡಿದ್ದರು. ಆದರೆ ಮಕ್ಕಳ ಮನೆಪಾಠದ ಜೊತೆಜೊತೆಗೆ ಅವರೂ ಕಲಿತು, ಅದನ್ನು ಬಿಡದೆ ಇಟ್ಟುಕೊಂಡಿದ್ದಾರೆಂದು ಯಾರೂ ಹೇಳಿರಲಿಲ್ಲ. ಅವಳು ಕಸದ ಡಬ್ಬಿಗೆ ಒರಗಿ ಕೇಳಿದಳು. ಡಬ್ಲಿನ್ನಿನ ಚಪ್ಪಟೆ ಉಚ್ಚಾರ. ನಡುನಡುವೆ ತೇಲುವ ಇಂಗ್ಲಿಷ್ ಪದ. ಆದರೆ ಎಲ್ಲೂ ತಡವರಿಕೆಯಿಲ್ಲ, ಒಂದು ಚಟಾಕಿಯ ಬಾಲ ಹಿಡಿದು ಇನ್ನೊಂದು ಬರುತ್ತಿತ್ತು. ಇದು ಪಾಠವಲ್ಲ, ಬದುಕು.

ವಿದ್ಯಾರ್ಥಿಗಳಿಗೆ ಅವಳು ಹಿಂದೆ ಹೇಳುತ್ತಿದ್ದ ಒಂದು ಮಾತಿತ್ತು. ಒಂದು ಹನಿ ಬಿಸಿನೀರಿನಲ್ಲಿ ದೊಡ್ಡ ಉಷ್ಣಮಾಪಕ ಅದ್ದಿದರೆ, ಅದು ತೋರಿಸುವುದು ನೀರಿನ ಬಿಸಿಯನ್ನಲ್ಲ. ಗಾಜು ತಣ್ಣಗೆ ಮಾಡಿಬಿಟ್ಟ ನೀರಿನ ಬಿಸಿಯನ್ನು. ಇಷ್ಟು ಕಾಲವೂ ಈ ಬೀದಿಯಲ್ಲಿ ಆ ಗಾಜಿನ ಕಡ್ಡಿ ತಾನೇ ಆಗಿದ್ದಳು. ನಗು ಬಂತು, ಕಣ್ಣಲ್ಲಿ ನೀರೂ ಬಂತು. ಓಣಿಯಲ್ಲೇ ಕೀವಾನನಿಗೆ ಫೋನ್ ಮಾಡಿ ಬರುವುದು ಬೇಡವೆಂದಳು. "ನನ್ನ ಬೀದೀಲಿ ಜಾಗ ಇಲ್ಲ ಕಣೋ, ತುಂಬಿದೆ" ಎಂದಳು.

ಗುರುವಾರ ಇಲಾಖೆಯ ಮನುಷ್ಯ ಸೈಕಲ್ ಮೇಲೆ ಬಂದ. ಲೋರ್ಕನ್ ಟೂಹಿ ಎಂದು ಹೆಸರು. ಉದ್ದ ಕಾಲು, ದೊಡ್ಡ ಕಿವಿ, ಪ್ಯಾಂಟಿನ ಬುಡಕ್ಕೆ ಕ್ಲಿಪ್ಪು. ಮೆಟ್ಟಿಲು ಹತ್ತಿ ಬಂದವನೇ ಐರಿಷಿನಲ್ಲಿ ನಮಸ್ಕಾರ ಹೇಳಿದ. ಅವನ ಐರಿಷ್ ಒಂದು ಕಾಲು ಮುರಿದ ಮೇಜಿನಂತಿತ್ತು. ಪ್ರತಿ ಮಾತಿಗೂ ಒಂದು ಕಡೆ ವಾಲುತ್ತಿತ್ತು. ಡಬ್ಲಿನ್ನಿನವನೇ. ಶಾಲೆಯಲ್ಲಿ ಐರಿಷಿನಲ್ಲಿ ಡುಮ್ಕಿ ಹೊಡೆದು, ನಲವತ್ತು ದಾಟಿದ ಮೇಲೆ ಹಟ ಹಿಡಿದು ಕಲಿತನಂತೆ. ಅದನ್ನು ಹೇಳುವಾಗ ಅವನ ಮುಖದಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ.

"ಹೋಗೋಣ್ವಾ? ನೀವು ಬೀದಿ ತೋರ್ಸಿ" ಎಂದ.

"ನಾನು ಬರೋಲ್ಲ" ಎಂದಳು ಮಾರೀನ್.

"ಅಂದ್ರೆ?"

"ನಾನು ಜೊತೇಲಿದ್ರೆ ನಿಮ್ಮ ಕಿವಿಗೆ ಏನೂ ಬೀಳೋಲ್ಲ. ಇಲ್ಲಿಯವರಿಗೆ ನನ್ನ ಕಂಡ್ರೆ ನಾಚಿಕೆ. ನೀವೊಬ್ಬರೇ ಹೋಗಿ. ಡರ್ಮಟನ ಅಂಗಡಿಯಿಂದ ಶುರು ಮಾಡಿ."

ಲೋರ್ಕನ್ ಕ್ಲಿಪ್ಪನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತ ಅವಳನ್ನೇ ನೋಡಿದ. "ನಿಜ ಹೇಳ್ಲಾ? ನನಗೂ ನಿಮ್ಮ ಮುಂದೆ ಕೈಕಾಲು ನಡುಗ್ತಾ ಇದೆ" ಎಂದು ನಕ್ಕು ಇಳಿದು ಹೋದ.

ಮಾರೀನ್ ಕಿಟಕಿಗೆ ಮೂಗು ಒತ್ತಿ ನಿಂತಳು. ಮೇಲಿನಿಂದ ಬೀದಿ ಪೂರ್ತಿ ಕಾಣುತ್ತಿತ್ತು, ಆದರೆ ಕೇಳುತ್ತಿರಲಿಲ್ಲ. ಲೋರ್ಕನ್ ಮಾಂಸದಂಗಡಿಗೆ ಹೋದ. ಎಷ್ಟು ಹೊತ್ತಾದರೂ ಹೊರಬರಲಿಲ್ಲ. ಇಂಗ್ಲಿಷಿನಲ್ಲೇ ಉಪಚಾರ ಮಾಡಿ ಕಳಿಸುತ್ತಾರೆ, ಅಂಥ ಐರಿಷಿಗೆ ಯಾರು ಉತ್ತರ ಕೊಡುತ್ತಾರೆ, ಎಂದು ಅವಳು ಉಗುರು ಕಚ್ಚಿದಳು. ಕೊನೆಗೆ ಅವನು ಒಂದು ಪೊಟ್ಟಣ ಹಿಡಿದು ಹೊರಗೆ ಬಂದ. ಹಿಂದೆಯೇ ಡರ್ಮಟ್, ಮುಂದುಡುಪನ್ನೂ ಬಿಚ್ಚದೆ, ಕೈ ಬೀಸಿ ಏನನ್ನೋ ತಿದ್ದುತ್ತಿದ್ದಾನೆ! ಲೋರ್ಕನ್ ತಪ್ಪಾಗಿ ಹೇಳುತ್ತಾನೆ, ಡರ್ಮಟ್ ಹಣೆ ಚಚ್ಚಿಕೊಂಡು ಸರಿಯಾಗಿ ಹೇಳಿಕೊಡುತ್ತಾನೆ. ಮಾತು ಕೇಳದಿದ್ದರೂ ಇಷ್ಟು ತಿಳಿಯುತ್ತಿತ್ತು. ತಾನು ವಿದ್ಯಾರ್ಥಿಯಾಗಿದ್ದ ಜಾಗದಲ್ಲಿ ಮೇಷ್ಟರಾಗುವ ಅವಕಾಶ ಸಿಕ್ಕರೆ ಯಾವ ಡಬ್ಲಿನ್ನಿನವನು ಬಿಟ್ಟಾನು? ಇಬ್ಬರೂ ಬೇಕರಿಗೆ ನುಗ್ಗಿ ಡೊರೋಟಾಳನ್ನು ಎಳೆದುಕೊಂಡು ಬಂದರು. ಅಂಚೆಯವನು ಸೈಕಲ್ ನಿಲ್ಲಿಸಿ ತಾನೂ ಒಂದು ಮಾತು ಸೇರಿಸಿದ. ಮೆರವಣಿಗೆ ಕನ್ಸೆಪ್ಟಾಳ ಸಲೂನಿನೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡಿತು.

ಮಳೆ ಶುರುವಾಯಿತು. ಸಲೂನಿನ ಬಾಗಿಲು ತೆರೆದು ಲೋರ್ಕನನೇ ತಲೆ ಹೊರಹಾಕಿ, ಮೇಲೆ ನೋಡಿ, ಬನ್ನಿ ಎಂದು ಕೈ ಬೀಸಿದ.

ಹೋಗಬಾರದೆಂದು ಅವಳಿಗೆ ಗೊತ್ತಿತ್ತು. ಹೋಗದಿರಲೂ ಆಗುತ್ತಿರಲಿಲ್ಲ. ರಸ್ತೆ ದಾಟಿ, ಬಾಗಿಲಿನಾಚೆಯ ಗದ್ದಲವನ್ನು ಒಂದು ಕ್ಷಣ ಕೇಳಿ, ಒಳಗೆ ಕಾಲಿಟ್ಟಳು. ಬಾಗಿಲ ಗಂಟೆ ಟಿಣ್ಣೆಂದಿತು. ಗದ್ದಲ ದೀಪ ಆರಿದಂತೆ ನಿಂತಿತು.

"ಬಾ ಪುಟ್ಟಿ, ಏನು ಮಳೆ ಅಲ್ವಾ?" ಎಂದಳು ಕನ್ಸೆಪ್ಟಾ ಇಂಗ್ಲಿಷಿನಲ್ಲಿ. ಎಪ್ಪತ್ತರ ಹತ್ತಿರದ, ಬೆಳ್ಳಿಗೂದಲನ್ನು ಗೋಪುರದಂತೆ ಕಟ್ಟಿದ ಹೆಂಗಸು. ಡರ್ಮಟ್ ತನ್ನ ಬೂಟು ನೋಡಿಕೊಂಡ.

ಲೋರ್ಕನ್ ಎಲ್ಲರ ಮುಖ ನೋಡಿದ. "ಯಾಕೆ ನಿಲ್ಲಿಸಿದ್ರಿ?" ಎಂದು ತನ್ನ ವಾಲುವ ಐರಿಷಿನಲ್ಲಿ ಕೇಳಿದ. ಅವನು ಕಿವಿ ತುರಿಸಿಕೊಂಡು, ಈ ಸಲ ಇಂಗ್ಲಿಷಿನಲ್ಲಿ, ಬೇಸರದಿಂದಲೇ ಹೇಳಿದ: "ಇಲ್ಲಿ ಭಾಷೆ ಇದೆ. ನನ್ನ ಕಿವಿಯಲ್ಲೇ ಕೇಳ್ದೆ. ಆದ್ರೆ ಸರ್ಕಾರ ಕಳಿಸಿದ ಅಧಿಕಾರಿ ಒಳಗೆ ಬಂದ ಕೂಡ್ಲೇ ಅದು ಹಿಂದಿನ ಬಾಗಿಲಿಂದ ಓಡಿಹೋಗುತ್ತೆ ಅಂದ್ರೆ, ಅಧಿಕಾರೀನ ಖಾಯಂ ಮಾಡಿ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ? ನೀವೇ ಹೇಳಿ."

ನ್ಯಾಯವಾದ ಮಾತು. ಮಾರೀನ್ ಭಾಷಣ ಮಾಡಬಹುದಿತ್ತು. ನಿಮ್ಮ ಐರಿಷ್ ಚೆನ್ನಾಗಿದೆ, ನಾಚಬೇಡಿ ಎನ್ನಬಹುದಿತ್ತು. ಆದರೆ ಬೆನ್ನು ತಟ್ಟುವ ಕೈಯೂ ಮೇಷ್ಟರದೇ ಕೈ. ಸಲೂನಿನಲ್ಲಿ ಒಂದೇ ಒಂದು ಕುರ್ಚಿ ಖಾಲಿಯಿತ್ತು, ತಲೆ ತೊಳೆಯುವ ಬೇಸಿನ್ನಿನ ಮುಂದಿನದು. ಅವಳು ಹೋಗಿ ಅದರಲ್ಲಿ ಕೂತಳು.

"ಕನ್ಸೆಪ್ಟಾ, ನನ್ನ ಕೂದಲು ಕತ್ತರಿಸ್ತೀರಾ?" ಎಂದು ಐರಿಷಿನಲ್ಲಿ ಕೇಳಿದಳು.

ಕನ್ಸೆಪ್ಟಾ ಅನುಮಾನದಿಂದಲೇ ಹತ್ತಿರ ಬಂದಳು. ಬಂದ ಗಿರಾಕಿಯನ್ನು ಹಿಂದೆ ಕಳಿಸುವುದು ಆ ಸಲೂನಿನಲ್ಲಿ ಇರಲಿಲ್ಲ. ಮಾರೀನಳ ತಲೆಯನ್ನು ಹಿಂದಕ್ಕೆ ಬಾಗಿಸಿ, ಜಡೆ ಬಿಚ್ಚಿ, ಬಿಸಿನೀರು ಬಿಟ್ಟಳು. ನೊರೆ ಕಣ್ಣಿಗಿಳಿಯಿತು. ಮಾರೀನ್ ಕಣ್ಣು ಮುಚ್ಚಿ, ಬಾಯಿ ಮುಚ್ಚಿ ಬಿದ್ದುಕೊಂಡಳು. ಬೇಸಿನ್ನಿನಲ್ಲಿ ತಲೆಯಿಟ್ಟವರು ಯಾರಿಗೂ ದೊಡ್ಡವರಾಗಿ ಕಾಣುವುದಿಲ್ಲ.

ಕನ್ಸೆಪ್ಟಾಳ ಬೆರಳು ಕೂದಲ ತುದಿಗಳನ್ನು ಎತ್ತಿ, ಬೆಳಕಿಗೆ ಹಿಡಿದು, ಬಿಟ್ಟು, ಮತ್ತೆ ಎತ್ತಿತು. ಅವಳ ಉಸಿರು ಜೋರಾಯಿತು. ಕೊನೆಗೆ ತಡೆಯಲಾಗಲಿಲ್ಲ.

"ಇದನ್ನ ಯಾರು ಕತ್ತರಿಸಿದ್ದು?" ಐರಿಷಿನಲ್ಲಿ ಬಂತು ಪ್ರಶ್ನೆ, ಬೆಂಕಿಯಂತೆ.

"ನಮ್ಮಮ್ಮ. ಊರಿಗೆ ಹೋದಾಗೆಲ್ಲ ಅವಳೇ ಕತ್ತರಿಸ್ತಾಳೆ."

"ಯಾವುದ್ರಲ್ಲಿ?"

"ಅಡುಗೆಮನೆ ಕತ್ತರಿಯಲ್ಲಿ."

"ಅಡುಗೆಮನೆ ಕತ್ತರಿಯಲ್ಲಿ! ಕೇಳಿದ್ಯೇನೋ ಡರ್ಮಟ್? ನನ್ನ ಸಲೂನಿನ ಎದುರಿಗೆ ಇಷ್ಟು ವರ್ಷದಿಂದ ಕೂತು, ದಿನಾ ನನ್ನ ಬಾಗಿಲ ಮುಂದೆ ಓಡಾಡಿ, ಕೂದಲು ಕತ್ತರಿಸ್ಕೊಳ್ಳೋಕೆ ಅಷ್ಟು ದೂರ ರೈಲು ಹತ್ತಿ ಹೋಗ್ತಾಳೆ ಇವಳು! ಬಂದಳಾ ಒಂದಿನ? ಒಂದಿನ? ಈ ಕಡೆ ನೋಡು, ಒಂದು ಮೆಟ್ಟಿಲು. ಈ ಕಡೆ ಇನ್ನೊಂದು ಮೆಟ್ಟಿಲು. ಮಹಡಿ ಮನೆ ಕಟ್ಟಿದ್ದಾರೆ ತಲೆ ಮೇಲೆ!"

"ನಾನು ಪಕ್ಕೆಲುಬು ಇದಕ್ಕಿಂತ ನೀಟಾಗಿ ಬಿಡಿಸ್ತೀನಿ" ಎಂದ ಡರ್ಮಟ್, ಅದೂ ಐರಿಷಿನಲ್ಲೇ. ನಾಲಿಗೆ ಕೆಸರಲ್ಲಿ ಕಾಲಿಡಲಿಲ್ಲ.

"ಅಮ್ಮನ ಕತ್ತರಿ ಮೊಂಡಾಗಿತ್ತು" ಎಂದಳು ಮಾರೀನ್ ನೊರೆಯೊಳಗಿಂದ.

"ಕತ್ತರಿ ಮೊಂಡಲ್ಲ ಕಣೇ, ನೀನು ಮೊಂಡು! ಅಲ್ಲಾಡ್ಬೇಡ! ಮೂರು ವರ್ಷದಿಂದ ನಾನು ಅಂದ್ಕೊಂಡಿದ್ದೆ, ಕಡಲ ಕಡೆ ಇದೇ ಫ್ಯಾಶನ್ ಇರ್ಬೇಕು, ನಾವು ಮಾತಾಡ್ಬಾರ್ದು ಅಂತ. ಮರ್ಯಾದೆಗೆ ಸುಮ್ನಿದ್ದೆ!"

ಈಗ ಡ್ರೈಯರ್ ಕೆಳಗೆ ಕೂತಿದ್ದ ಗಿರಾಕಿ ಹೆಂಗಸೊಬ್ಬಳು ಏನಾಯಿತೆಂದು ಕೇಳಿದಳು. ಡೊರೋಟಾ ಇಂಗ್ಲಿಷಿನಲ್ಲಿ ಅವಳಿಗೂ, ನಿಧಾನ ಐರಿಷಿನಲ್ಲಿ ಲೋರ್ಕನನಿಗೂ ವಿವರಿಸುತ್ತ ಅತ್ತಿತ್ತ ತಿರುಗಿದಳು. ಕನ್ಸೆಪ್ಟಾ ನೊರೆ ತೊಳೆದು, ಕತ್ತರಿ ಆಡಿಸುತ್ತಲೇ ಬೈದಳು, ಡರ್ಮಟ್ ಒಗ್ಗರಣೆ ಹಾಕಿದ. ಮಾರೀನ್ ಅಮ್ಮನ ಪಕ್ಷ ವಹಿಸಿ ವಾದಿಸಿದಳು, ಸೋತಳು, ಮತ್ತೆ ವಾದಿಸಿದಳು. ಮಾತಿನ ನಡುವೆ ಕನ್ಸೆಪ್ಟಾಳಿಗೆ ಒಂದು ಪದ ಸಿಗಲಿಲ್ಲ. ಇಂಗ್ಲಿಷಿನದನ್ನೇ ತೂರಿ ಮುಂದೆ ಹೋದಳು, ಮಾರೀನಳೂ ಅದನ್ನೇ ಹಿಡಿದು ಉತ್ತರ ಕೊಟ್ಟಳು. ತಾವು ಯಾವ ಭಾಷೆಯಲ್ಲಿ ಜಗಳ ಆಡುತ್ತಿದ್ದೇವೆಂಬುದು ಆ ಹೊತ್ತಿನಲ್ಲಿ ಯಾರ ಗಮನದಲ್ಲೂ ಇರಲಿಲ್ಲ, ಲೋರ್ಕನನೊಬ್ಬನನ್ನು ಬಿಟ್ಟು. ಅವನು ಮೂಲೆಯ ಸ್ಟೂಲಿನ ಮೇಲೆ ಡರ್ಮಟ್ ಕೊಟ್ಟ ಸಾಸೇಜಿನ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು, ದೊಡ್ಡ ಕಿವಿಗಳನ್ನು ಇನ್ನಷ್ಟು ದೊಡ್ಡದು ಮಾಡಿಕೊಂಡು ಕೂತಿದ್ದ.

ಕತ್ತರಿ ನಿಂತಾಗ ಅವನು ಎದ್ದ. "ನನಗೆ ಅರ್ಧವೂ ಅರ್ಥ ಆಗ್ಲಿಲ್ಲ" ಎಂದ, ಸಂತೋಷದಿಂದ. "ಅಷ್ಟು ಜೋರಾಗಿ ಓಡ್ತಾ ಇತ್ತು. ನಾನು ಬರೆಯೋದು ಇಷ್ಟೇ: ಬ್ಯಾಲಿಗ್ಲಾಸಿಗೆ ಮಾನ್ಯತೆ ಕೊಡಿ. ಅಧಿಕಾರಿಯನ್ನ ಅಲ್ಲೇ ಇಡಿ. ಆದ್ರೆ ಲಾಂಡ್ರಿ ಮೇಲಿನ ಕೋಣೇಲಿ ಕೂರಿಸ್ಬೇಡಿ, ಅಂಗಡಿ ಅಂಗಡಿಗೆ ಕಳಿಸಿ. ಮೇಲಿನವರು ಒಪ್ತಾರೆ, ನನ್ನ ಮಾತು ಈವರೆಗೆ ತಳ್ಳಿಹಾಕಿಲ್ಲ."

ಡರ್ಮಟ್ ಶಿಳ್ಳೆ ಹಾಕಿದ. ಡೊರೋಟಾ ಡ್ರೈಯರ್ ಕೆಳಗಿನ ಹೆಂಗಸನ್ನೇ ಅಪ್ಪಿಕೊಂಡಳು. ಆಕೆಗೆ ಯಾಕೆಂದು ತಿಳಿಯದಿದ್ದರೂ ಬೇಡವೆನ್ನಲಿಲ್ಲ. ಮಾರೀನ್ ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ಕನ್ಸೆಪ್ಟಾ ಅವಳ ಗಲ್ಲ ಹಿಡಿದು ಮುಖವನ್ನು ಕನ್ನಡಿಯ ಕಡೆ ತಿರುಗಿಸಿದಳು.

"ಸುಮ್ನಿರು. ಮೊದಲು ನೋಡ್ಕೋ."

ಕನ್ನಡಿಯಲ್ಲಿ ಕಿವಿಯ ಕೆಳಗೆ ಸಮನಾಗಿ ನಿಂತ ಕೂದಲಿನ, ಕೆಂಪು ಮೂಗಿನ ಒಬ್ಬ ಹೆಂಗಸಿದ್ದಳು. ಅವಳ ಹಿಂದೆ ಇಡೀ ಬೀದಿ ಕುತ್ತಿಗೆ ಚಾಚಿ ನೋಡುತ್ತಿತ್ತು.

"ಅಮ್ಮ ನನ್ನ ಮನೆಯೊಳಗೆ ಸೇರಿಸೋಲ್ಲ ಇನ್ನು" ಎಂದಳು ಮಾರೀನ್.

ಕನ್ಸೆಪ್ಟಾ ಟವಲ್ಲನ್ನು ಒಮ್ಮೆ ಜೋರಾಗಿ ಕೊಡವಿದಳು. ಅವಳ ತಗಡಿನ ಶೆಡ್ಡಿನ ಐರಿಷ್ ಸಲೂನಿನ ತುಂಬ ಮೊಳಗಿತು. "ಕರ್ಕೊಂಡ್ ಬಾ ನಿಮ್ಮಮ್ಮನ್ನ ಇಲ್ಲಿಗೆ. ಆ ಕತ್ತರೀನೂ ತರೋಕೆ ಹೇಳು. ಅವರ ಹತ್ರ ನಾನೇ ಮಾತಾಡ್ತೀನಿ."